ಐಸಿಯುನಿಂದ ಮನೆಗೆ ಬಂದ ಮೇಲೆ

ವೆಂಟಿಲೇಟರ್ ತೆಗೆದರು, ವಾರ್ಡಿಗೆ ಕಳಿಸಿದರು, ಡಿಸ್ಚಾರ್ಜ್ ಆಯಿತು. ಗಂಡಾಂತರ ಕಳೆಯಿತೆಂದು ಮನೆಯವರು ದೇವರಿಗೆ ಕೈಮುಗಿಯುತ್ತಾರೆ. ಆದರೆ ಮನೆಗೆ ಬಂದವರಿಗೆ ಬಚ್ಚಲಿಗೆ ನಡೆದುಹೋಗುವುದೇ ದೊಡ್ಡ ಕೆಲಸ. ನಾಲ್ಕು ತುತ್ತು ಉಣ್ಣುವಷ್ಟರಲ್ಲಿ ಕೈ ಸೋಲುತ್ತದೆ. ರಾತ್ರಿ ಬೆಚ್ಚಿ ಏಳುತ್ತಾರೆ. ಗೊತ್ತಿದ್ದ ಲೆಕ್ಕವೇ ತಪ್ಪುತ್ತದೆ. ‘ಎಲ್ಲ ಸರಿಹೋಯಿತಲ್ಲ, ಇನ್ನೇನು?’ ಎಂದು ಕೇಳಿದರೆ ಉತ್ತರ ಹೊಳೆಯದೆ ಕುಗ್ಗಿಹೋಗುತ್ತಾರೆ.

ಮೈ, ಮನಸ್ಸು, ನೆನಪು ಮೂರನ್ನೂ ಹಿಡಿದು ಕಾಡುವ ಈ ಸ್ಥಿತಿಯನ್ನು ವೈದ್ಯರು ‘ಪೋಸ್ಟ್ ಇಂಟೆನ್ಸಿವ್ ಕೇರ್ ಸಿಂಡ್ರೋಮ್’ ಎನ್ನುತ್ತಾರೆ. ತೀವ್ರ ಕಾಯಿಲೆಯಲ್ಲಿ ಸ್ನಾಯುಗಳು ನಂಬಲಾಗದಷ್ಟು ಬೇಗ ಕರಗುತ್ತವೆ. 2013ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ 10 ದಿನಗಳೊಳಗೆ ತೊಡೆಯ ಸ್ನಾಯು ಸರಾಸರಿ ಶೇ 18ರಷ್ಟು ಕ್ಷೀಣಿಸಿದ್ದು ಕಂಡುಬಂತು. ಅದೇ ವರ್ಷ ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಸಂಶೋಧಕರು 821 ರೋಗಿಗಳ ಅಧ್ಯಯನ ಪ್ರಕಟಿಸಿದರು. ಸುಮಾರು ಮುಕ್ಕಾಲು ಪಾಲು ಜನರಿಗೆ ಆಸ್ಪತ್ರೆಯಲ್ಲಿದ್ದಾಗ ಡೆಲಿರಿಯಂ, ಅಂದರೆ ದಿಕ್ಕು, ಹೊತ್ತು ತಿಳಿಯದ ಭ್ರಮೆ ಆವರಿಸಿತ್ತು. ಅದು ಹೆಚ್ಚು ದಿನ ಉಳಿದವರಲ್ಲಿ ವರ್ಷ ಕಳೆದರೂ ನೆನಪು, ಯೋಚನಾಶಕ್ತಿ ಹೆಚ್ಚು ಕುಂದಿದ್ದವು. ವಯಸ್ಸಾದವರಷ್ಟೇ ಅಲ್ಲ, ಯುವಕರೂ ಇದಕ್ಕೆ ಹೊರತಾಗಿರಲಿಲ್ಲ.

ಇಂಗ್ಲೆಂಡಿನ ರೆಡಿಂಗ್ ಪಟ್ಟಣದ ರಾಯಲ್ ಬರ್ಕ್‌ಷೈರ್ ಆಸ್ಪತ್ರೆ 1993ರಲ್ಲೇ ಇಂಥವರಿಗಾಗಿ ಕ್ಲಿನಿಕ್ ತೆರೆಯಿತು. ಐಸಿಯುನಿಂದ ಹೊರಬಂದ 2–3 ತಿಂಗಳಿಗೆ ರೋಗಿಯನ್ನು ಮತ್ತೆ ಪರೀಕ್ಷಿಸಬೇಕೆಂದು ಆ ದೇಶದ 2009ರ ಮಾರ್ಗಸೂಚಿ ಹೇಳುತ್ತದೆ. ಯುರೋಪಿನ ಹಲವು ಐಸಿಯುಗಳಲ್ಲಿ ನರ್ಸ್‌ಗಳೂ ಮನೆಯವರೂ ರೋಗಿಗಾಗಿ ದಿನಚರಿ ಬರೆದಿಡುತ್ತಾರೆ. ಚೇತರಿಸಿಕೊಂಡವರು ಅದನ್ನು ಓದಿ, ತಮಗೆ ಕಂಡದ್ದರಲ್ಲಿ ನಡೆದದ್ದು ಯಾವುದು, ಭ್ರಮೆ ಯಾವುದು ಎಂದು ಬೇರ್ಪಡಿಸಿಕೊಳ್ಳುತ್ತಾರೆ.

ನಮ್ಮಲ್ಲಿ ಮರುಭೇಟಿಯೆಂದರೆ ಬಹುಮಟ್ಟಿಗೆ ಹೃದಯಕ್ಕೊಬ್ಬ ವೈದ್ಯರು, ಕಿಡ್ನಿಗೊಬ್ಬರು. ಇಡೀ ಮನುಷ್ಯನನ್ನು ವಿಚಾರಿಸುವವರು ಸಿಗುವುದು ಕಷ್ಟ. ಹಾಗಾಗಿ ಮನೆಯವರೇ ಕೇಳಬೇಕು: ಯಾವ ವ್ಯಾಯಾಮ, ಎಷ್ಟು ಹೊತ್ತು? ನುಂಗುವಾಗ ಕೆಮ್ಮು ಬಂದರೆ ಯಾರಿಗೆ ತೋರಿಸಬೇಕು? ಐಸಿಯುನಲ್ಲಿ ಶುರುವಾದ ನಿದ್ರೆ ಮಾತ್ರೆ ಇನ್ನೂ ಬೇಕೇ? ಬೇಳೆ, ಮೊಟ್ಟೆ, ಮೊಸರು ಎಷ್ಟು ಕೊಡಬಹುದು? ಭಯ, ಮರೆವು ಹೋಗದಿದ್ದರೆ ಮನೋವೈದ್ಯರನ್ನು ಕಾಣಲು ಸಂಕೋಚ ಬೇಡ. ಹಗಲಿರುಳು ಕಾದವರೂ ಆತಂಕ, ಖಿನ್ನತೆಗೆ ಸಿಲುಕುತ್ತಾರೆ, ಅವರನ್ನೂ ವಿಚಾರಿಸಿಕೊಳ್ಳಬೇಕು.

ಸಾವಿನ ದವಡೆಯಿಂದ ಎಳೆದು ತರುವಷ್ಟು ಪರಿಣತಿ ನಮ್ಮ ಆಸ್ಪತ್ರೆಗಳಿಗಿದೆ. ಉಳಿಸಿದ ಜೀವ ಮತ್ತೆ ಬದುಕಿಗೆ ಮರಳುವವರೆಗೆ ಜೊತೆಗಿರುವುದೂ ಅವುಗಳ ಹೊಣೆಯೇ. ಔಷಧಗಳ ಪಟ್ಟಿಯ ಜೊತೆ ಮರುಭೇಟಿಯ ದಿನಾಂಕ, ಫಿಸಿಯೋಥೆರಪಿಯ ವಿವರ ಪ್ರತಿ ಡಿಸ್ಚಾರ್ಜ್ ಹಾಳೆಯಲ್ಲೂ ಇರಲೇಬೇಕು.