ಮಲ್ಪೆಯ ನಾಲ್ಕು ದ್ವೀಪ, ನಮ್ಮ ಹೊಲದ ಕರಿ ಮಣ್ಣು: ಸಮುದ್ರಕ್ಕೆ ಹೋಗೋ ಮುಂಚೆ ಇದನ್ನ ಕೇಳ್ರಿ

ಡಿಸೆಂಬರ್ ಬಂತಂದ್ರೆ ಬೀದರ್, ಭಾಲ್ಕಿ, ಔರಾದ್ ಕಡೆಯ ಶಾಲೆಗಳ ಪ್ರವಾಸದ ಬಸ್ಸುಗಳು ಧರ್ಮಸ್ಥಳ, ಉಡುಪಿ ದಾರಿ ಹಿಡಿಯುತ್ತವೆ. ಔರಾದ್ ತಾಲ್ಲೂಕಿನ ಶಿಕ್ಷಕರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ: "ಉಡುಪಿ ತನಕ ಹೋಗ್ತೀವಿ. ಸೇಂಟ್ ಮೇರೀಸ್ ದ್ವೀಪಕ್ಕೂ ಮಕ್ಕಳಿಗೆ ಕರ್ಕೊಂಡು ಹೋಗಬೇಕಾ? ಅಲ್ಲಿ ಬರೇ ಕಲ್ಲು ಅವ ಅಂತಾರಲ್ಲ?"

ಹೋಗ್ರಿ, ಆ ಕಲ್ಲಿಗಾಗಿಯೇ ಹೋಗ್ರಿ. ಆದರೆ ಹೋಗುವ ಮುಂಚೆ ಎರಡು ವಿಷಯ ಗೊತ್ತಿರಬೇಕು: ಒಂದು ಆ ಕಲ್ಲಿನ ಕಥೆ, ಇನ್ನೊಂದು ಅಲ್ಲಿನ ನೀರಿನ ಗುಣ.

ಮೊದಲು ಜಾಗದ ಪರಿಚಯ. ಮಲ್ಪೆ ದಡದಿಂದ ಐದಾರು ಕಿ.ಮೀ. ದೂರ, ಅರಬ್ಬಿ ಸಮುದ್ರದಲ್ಲಿ ಸಣ್ಣ ಸಣ್ಣ ದ್ವೀಪಗಳ ಒಂದು ಗುಂಪು ಇದೆ. ಮುಖ್ಯವಾದವು ನಾಲ್ಕು: ತೆಂಗಿನ ದ್ವೀಪ, ಉತ್ತರ ದ್ವೀಪ, ದರಿಯಾ ಬಹಾದ್ದೂರ್‌ಗಡ, ದಕ್ಷಿಣ ದ್ವೀಪ. ಪ್ರವಾಸಿಗರನ್ನು ಇಳಿಸುವುದು ತೆಂಗಿನ ದ್ವೀಪದಲ್ಲಿ. 1498ರಲ್ಲಿ ವಾಸ್ಕೋ ಡ ಗಾಮಾ ಇಲ್ಲಿ ಬಂದು ಮೇರಿ ಮಾತೆಯ ಹೆಸರಿಟ್ಟ ಅನ್ನೋದು ಎಲ್ಲರೂ ಹೇಳುವ ಮಾತು. ಆದರೆ ಐದುನೂರು ವರ್ಷದ ಆ ಕಥೆ ಕಲ್ಲಿನ ವಯಸ್ಸಿನ ಮುಂದೆ ಏನೂ ಅಲ್ಲ.

ದ್ವೀಪದಲ್ಲಿ ಕಾಣೋದು ಕಂಬಗಳು. ಯಾರೋ ಶಿಲ್ಪಿ ಕಡೆದು ಒಂದರ ಪಕ್ಕ ಒಂದು ನಿಲ್ಲಿಸಿದ ಹಾಗೆ ಐದು ಮೂಲೆ, ಆರು ಮೂಲೆಯ ಕಲ್ಲಿನ ಕಂಬಗಳು. ಇವನ್ನು ಯಾರೂ ಕಡೆದಿಲ್ಲ. ಭೂಮಿಯೊಳಗಿಂದ ಬಂದ ಲಾವಾ ನಿಧಾನಕ್ಕೆ ಆರುತ್ತಾ ಕುಗ್ಗಿತು, ಕುಗ್ಗಿದಾಗ ಬಿರುಕು ಬಿಟ್ಟಿತು, ಬಿರುಕು ಮೇಲಿಂದ ಕೆಳಗೆ ಇಳಿದು ಕಂಬ ಆಯಿತು. ನಮ್ಮ ಮಕ್ಕಳಿಗೆ ಇದನ್ನು ತಿಳಿಸೋದು ಸುಲಭ ಅದ. ಬೇಸಿಗೆಯಲ್ಲಿ ನಮ್ಮ ಎರೆ ಹೊಲ ಹೆಂಗ ಬಿರಿತದ? ಕಾಲು ಸಿಕ್ಕಿಕೊಳ್ಳುವಷ್ಟು ಸೀಳು, ನಡುವೆ ಮೂಲೆ ಮೂಲೆಯ ಹೆಂಟೆ. ಅಲ್ಲಿ ನೀರು ಆರಿ ಮಣ್ಣು ಕುಗ್ಗುತ್ತದೆ, ಇಲ್ಲಿ ಬಿಸಿ ಆರಿ ಕಲ್ಲು ಕುಗ್ಗಿದೆ. ಲೆಕ್ಕ ಒಂದೇ.

ಈ ಲಾವಾ ಬಂದಿದ್ದು ಸುಮಾರು 8.5ರಿಂದ 9 ಕೋಟಿ ವರ್ಷದ ಹಿಂದೆ. ಆಗ ಭಾರತ ಮತ್ತು ಇವತ್ತು ಆಫ್ರಿಕಾ ಪಕ್ಕ ಇರುವ ಮಡಗಾಸ್ಕರ್ ಒಂದೇ ನೆಲವಾಗಿದ್ದವು. ಅವು ಬೇರೆಯಾಗುವ ಹೊತ್ತಲ್ಲಿ ಉಕ್ಕಿದ ಲಾವಾದ ಗುರುತು ಈ ದ್ವೀಪಗಳು. ಅದಕ್ಕೇ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದೆ.

ಇನ್ನು ನಮ್ಮೂರಿಗೆ ಬರೋಣ. ಮಡಗಾಸ್ಕರ್ ಬಿಟ್ಟ ಮೇಲೆ ಭಾರತ ಉತ್ತರಕ್ಕೆ ಸರಿಯುತ್ತಾ ಹೋಯಿತು. ಸುಮಾರು 6.6 ಕೋಟಿ ವರ್ಷದ ಹಿಂದೆ ಇನ್ನೊಂದು ಸಲ ಲಾವಾ ಉಕ್ಕಿತು, ಈ ಸಲ ಬಹಳ ದೊಡ್ಡದು. ಪದರದ ಮೇಲೆ ಪದರ ಹರಿದು ಗಟ್ಟಿಯಾದ ಆ ಕಲ್ಲಿಗೆ ಡೆಕ್ಕನ್ ಟ್ರ್ಯಾಪ್ ಅಂತಾರೆ. ಔರಾದ್, ಭಾಲ್ಕಿಯ ಕರಿ ಮಣ್ಣು ಆ ಕಲ್ಲೇ ಸವೆದು ಆಗಿದ್ದು. ಬೀದರ್ ಊರು ಕೂತಿರುವ ಕೆಂಪು ಕಲ್ಲು ಸಹ ಅದೇ ಕಲ್ಲು ಮಳೆ ಬಿಸಿಲಿಗೆ ಮಾರ್ಪಾಡಾಗಿ ಬಂದದ್ದು. ಕೋಟೆಯ ಕಂದಕ ಕಡೆದದ್ದು ಅದರಲ್ಲೇ. ಅಂದರೆ ಮಲ್ಪೆಯದು ಮೊದಲ ಅಧ್ಯಾಯ, ನಮ್ಮದು ಮುಂದಿನ ಅಧ್ಯಾಯ. ಸುಮಾರು 700 ಕಿ.ಮೀ. ಹೋಗಿ ಬರೇ ಸೆಲ್ಫಿ ತಗೊಂಡು ಬಂದ್ರೆ ಈ ಕಥೆ ಕೈ ತಪ್ಪುತ್ತದೆ.

ಈಗ ನೀರಿನ ಮಾತು, ಇದನ್ನ ಗಮನ ಇಟ್ಟು ಕೇಳ್ರಿ. ನಮಗೆ ಗೊತ್ತಿರೋದು ಮಾಂಜ್ರಾ ನದಿ, ಕಾರಂಜಾ ಜಲಾಶಯ, ಊರ ಬಾವಿ. ಬಾವಿಯಲ್ಲಿ ಈಜು ಕಲಿತವ ಸಮುದ್ರದಲ್ಲೂ ಈಜ್ತೀನಿ ಅಂತ ಧೈರ್ಯ ಮಾಡ್ತಾನೆ. ಸಮುದ್ರದ ಅಲೆ ಬಂದು ಹೊಡೆಯೋದಕ್ಕಿಂತ ಹಿಂದಕ್ಕೆ ಎಳೆಯೋದು ಅಪಾಯ. ದ್ವೀಪದ ಅಂಚಿನ ಕಲ್ಲಿಗೆ ಪಾಚಿ ಹಿಡಿದಿರುತ್ತದೆ, ಕಾಲು ಜಾರಿದರೆ ಹಿಡಿಯಲು ಏನೂ ಸಿಗೋದಿಲ್ಲ. 2022ರ ಏಪ್ರಿಲ್‌ನಲ್ಲಿ ಕೇರಳದಿಂದ ಪ್ರವಾಸಕ್ಕೆ ಬಂದಿದ್ದ ಕಾಲೇಜು ವಿದ್ಯಾರ್ಥಿಗಳು ಇದೇ ದ್ವೀಪದಲ್ಲಿ ನೀರುಪಾಲಾದರು. ಅವರು ಕರಾವಳಿ ಇರುವ ರಾಜ್ಯದವರು. ಸಮುದ್ರವನ್ನೇ ನೋಡದ ನಮ್ಮ ಮಕ್ಕಳ ವಿಷಯದಲ್ಲಿ ಎಷ್ಟು ಎಚ್ಚರ ಇದ್ದರೂ ಕಡಿಮೆಯೇ.

ಹಾಗಾಗಿ ಶಿಕ್ಷಕರಿಗೆ, ಮನೆಯ ಹಿರಿಯರಿಗೆ ಕೆಲವು ಮಾತು. ದೋಣಿಯಲ್ಲಿ ಲೈಫ್ ಜಾಕೆಟ್ ಹಾಕದೆ ಕೂಡಬೇಡಿ. ಹತ್ತು ಮಕ್ಕಳಿಗೆ ಒಬ್ಬ ದೊಡ್ಡವರಂತೆ ಮೊದಲೇ ಹಂಚಿಕೊಳ್ಳಿ, ಇಳಿಯುವಾಗ ಒಮ್ಮೆ, ಹತ್ತುವಾಗ ಒಮ್ಮೆ ತಲೆ ಎಣಿಸಿ. ಕಾವಲುಗಾರರು ಹಾಕಿದ ಗೆರೆ ದಾಟಬೇಡಿ. ಮಳೆಗಾಲದಲ್ಲಿ ದೋಣಿ ಇರೋದಿಲ್ಲ. ಉಳಿದ ದಿನಗಳಲ್ಲೂ ಗಾಳಿ ಜೋರಿದ್ದರೆ ನಿಲ್ಲಿಸ್ತಾರೆ, ಆಗ "ಇಷ್ಟು ದೂರದಿಂದ ಬಂದೀವಿ" ಅಂತ ಜಗಳ ಮಾಡಬೇಡಿ. ರಾತ್ರಿ ಉಳಿಯಲು ಅವಕಾಶ ಇಲ್ಲ.

ಕೊನೆಯದಾಗಿ, ನೆನಪಿಗೆ ಅಂತ ಕಲ್ಲಿನ ಚೂರು ಎಬ್ಬಿಸಿಕೊಂಡು ಬರಬೇಡ್ರಿ. ಲಾವಾದ ಕಲ್ಲು ನಮ್ಮ ಹೊಲದ ಕೆಳಗೂ ಬೇಕಾದಷ್ಟು ಅದ.