ಹಳೆಯ ವಿಳಾಸಕ್ಕೆ ಬರೆದ ಕಾಗದ

ಗಣಕಯಂತ್ರಗಳ ಲೋಕದಲ್ಲಿಯೂ ಹಳತು ಹೊಸತುಗಳ ತಕರಾರು ಉಂಟು. ಮೂವತ್ತು ವರ್ಷಗಳ ಹಿಂದೆ ಬರೆದ ಲೆಕ್ಕದ ತಂತ್ರಾಂಶವೊಂದು ಇಂದಿಗೂ ತಪ್ಪಿಲ್ಲದೆ ಕೂಡುತ್ತದೆ, ಕಳೆಯುತ್ತದೆ. ಆದರೆ ಆ ಲೆಕ್ಕವನ್ನು ಕಾಗದದ ಮೇಲೆ ಇಳಿಸಲು ಹೊರಟರೆ ಹೊಸ ಯಂತ್ರ ಮೌನ ತಾಳುತ್ತದೆ. ಈ ಮೌನಕ್ಕೆ ಕಾರಣವೇನು, ಇದನ್ನು ಮುರಿಯುವ ಬಗೆ ಹೇಗೆ ಎಂಬುದನ್ನು ಕುರಿತು ನಾಲ್ಕು ಮಾತು ಹೇಳಬಯಸುತ್ತೇನೆ.

1970ರಲ್ಲಿ ಅಮೆರಿಕದ ಸೆಂಟ್ರಾನಿಕ್ಸ್ ಸಂಸ್ಥೆ ತನ್ನ ಪ್ರಿಂಟರಿಗಾಗಿ ಒಂದು ಜೋಡಣೆಯನ್ನು ರೂಪಿಸಿತು. ಒಂದು ಅಕ್ಷರದ ಎಂಟು ಬಿಟ್‌ಗಳು ಎಂಟು ತಂತಿಗಳಲ್ಲಿ ಒಟ್ಟಿಗೆ ಸಾಗುತ್ತವೆ. ಅಕ್ಷರ ಸಿದ್ಧವಾಗಿದೆಯೆಂದು ಗಣಕ ಬೇರೊಂದು ತಂತಿಯಲ್ಲಿ ತಿಳಿಸುತ್ತದೆ. ಕೆಲಸದಲ್ಲಿದ್ದೇನೆ, ತಾಳು ಎಂದು ಪ್ರಿಂಟರು ಮತ್ತೊಂದರಲ್ಲಿ ಹೇಳುತ್ತದೆ. 1981ರ ಐಬಿಎಂ ಪಿಸಿ ಈ ಪದ್ಧತಿಯನ್ನೇ ಅನುಸರಿಸಿತು. ಡಾಸ್ ವ್ಯವಸ್ಥೆಯಲ್ಲಿ ಆ ದ್ವಾರದ ಹೆಸರು ಎಲ್‌ಪಿಟಿ1. 1996ರಲ್ಲಿ ಯುಎಸ್‌ಬಿ ಬಂದಿತು. ಹಳೆಯ ಅಗಲವಾದ ದ್ವಾರ ಬರಬರುತ್ತ ಗಣಕಗಳ ಬೆನ್ನಿನಿಂದ ಮಾಯವಾಯಿತು.

ತಂತ್ರಾಂಶಕ್ಕಾದರೋ ಈ ಸುದ್ದಿ ತಿಳಿಯದು. ಅದು ಹಳೆಯ ವಿಳಾಸಕ್ಕೇ ಕಾಗದ ಬರೆಯುತ್ತದೆ. ಮನೆ ಬದಲಿಸಿದವರು ಅಂಚೆ ಕಚೇರಿಗೆ ಹೊಸ ವಿಳಾಸ ಕೊಟ್ಟುಬರುವಂತೆ, ಇಲ್ಲಿಯೂ ಏರ್ಪಾಡೊಂದು ಬೇಕು. ವಿಂಡೋಸಿನಲ್ಲಿ ಯುಎಸ್‌ಬಿ ಪ್ರಿಂಟರಿಗೆ ಹಂಚಿಕೆಯ ಹೆಸರು ಕೊಟ್ಟು, ನೆಟ್ ಯೂಸ್ ಎಂಬ ಆಜ್ಞೆಯಿಂದ ಎಲ್‌ಪಿಟಿ1ಕ್ಕೆ ಬಂದುದನ್ನೆಲ್ಲ ಅಲ್ಲಿಗೆ ತಿರುಗಿಸಬಹುದು. ಆದರೆ ಕೆಲವು ತಂತ್ರಾಂಶಗಳು ವ್ಯವಸ್ಥೆಯ ಕೈಗೆ ಕಾಗದ ಕೊಡದೆ ನೇರವಾಗಿ ದ್ವಾರವನ್ನೇ ತಟ್ಟುತ್ತವೆ. ಅವಕ್ಕೆ ಈ ಉಪಾಯ ನಾಟದು. ಮೇಲಾಗಿ 64 ಬಿಟ್‌ನ ವಿಂಡೋಸ್ ಡಾಸ್ ತಂತ್ರಾಂಶಗಳನ್ನು ನಡೆಸುವುದೇ ಇಲ್ಲ. ಆಗ ಡಾಸ್‌ಬಾಕ್ಸ್-ಎಕ್ಸ್ ಅಥವಾ ವಿಡಾಸ್‌ನಂಥ ಅನುಕರಣ ತಂತ್ರಾಂಶಗಳೇ ಗತಿ. ಇವು ಹೊಸ ಗಣಕದೊಳಗೆ ಹಳೆಯದೊಂದನ್ನು ಕಲ್ಪಿಸಿ, ಇಲ್ಲದ ದ್ವಾರವನ್ನು ಇದೆಯೆಂದು ನಂಬಿಸಿ, ಬಂದ ಅಕ್ಷರಗಳನ್ನು ಇಂದಿನ ಪ್ರಿಂಟರಿಗೆ ಒಪ್ಪಿಸುತ್ತವೆ.

ಕಾಗದ ತಲುಪಿದ ಮಾತ್ರಕ್ಕೆ ಓದಿದಂತಾಗಲಿಲ್ಲ; ಭಾಷೆಯೂ ಹೊಂದಬೇಕು. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರುಗಳು ಸರಳ ಅಕ್ಷರಗಳನ್ನೂ ಎಪ್ಸನ್ ಸಂಸ್ಥೆಯ ಸಂಕೇತಗಳನ್ನೂ ಅರಿಯುತ್ತಿದ್ದವು. 15 ಎಂಬ ಸಂಕೇತ ಬಂದರೆ ಅಕ್ಷರ ಕಿರಿದಾಗಬೇಕು. 12 ಬಂದರೆ ಹಾಳೆ ಹೊರಬರಬೇಕು. ಇಂದಿನ ಅಗ್ಗದ ಪ್ರಿಂಟರುಗಳಲ್ಲಿ ಹಲವು ಗಣಕ ಬಿಡಿಸಿಕೊಟ್ಟ ಚಿತ್ರವನ್ನಷ್ಟೇ ಅಚ್ಚುಮಾಡುತ್ತವೆ, ಬರಿಯ ಅಕ್ಷರ ಅವಕ್ಕೆ ಅರ್ಥವಾಗದು. ಆದುದರಿಂದ ನಡುವೆ ಅನುವಾದಕನಿರಲೇಬೇಕು. ಆ ಕೆಲಸವನ್ನೂ ಈ ಅನುಕರಣ ತಂತ್ರಾಂಶಗಳೇ ವಹಿಸಿಕೊಳ್ಳಬಲ್ಲವು.

ಕನ್ನಡದ ಪಾಡು ಇನ್ನೂ ತೊಡಕಿನದು. ಅಂದಿನ ಸಾಮಾನ್ಯ ಪ್ರಿಂಟರುಗಳೊಳಗೆ ಕನ್ನಡ ಲಿಪಿ ಇರಲಿಲ್ಲವಾದ್ದರಿಂದ ತಂತ್ರಾಂಶಗಳು ಅಕ್ಷರಗಳನ್ನು ಚುಕ್ಕೆಗಳ ಚಿತ್ರವಾಗಿ ಕಳುಹಿಸುತ್ತಿದ್ದವು. ಅಂಥ ಮುದ್ರಣವನ್ನು ಕಡತಕ್ಕೆ ಇಳಿಸಿದರೆ ದೊರೆಯುವುದು ಚುಕ್ಕೆಗಳೇ ಹೊರತು ಹುಡುಕಬಲ್ಲ, ತಿದ್ದಬಲ್ಲ ಬರಹವಲ್ಲ. ಮೂಲ ಕಡತ 1991ರ ಇಸ್ಕಿ ಸಂಕೇತದಲ್ಲಿದ್ದರೆ ಅದನ್ನು ಯೂನಿಕೋಡ್‌ಗೆ ಮಾರ್ಪಡಿಸಿಕೊಳ್ಳುವುದೇ ಲೇಸು.

ಇಷ್ಟೆಲ್ಲ ಪಾಡೇಕೆ, ಹೊಸ ತಂತ್ರಾಂಶ ಕೊಂಡರಾಗದೆ ಎಂದು ನೀವು ಕೇಳಬಹುದು. ನಾನು ಬಲ್ಲ ಸಣ್ಣ ಪ್ರಕಾಶಕರೊಬ್ಬರ ಮಾರಾಟದ ಲೆಕ್ಕವೆಲ್ಲ ಡಾಸ್ ತಂತ್ರಾಂಶದಲ್ಲಿದೆ. ಅದನ್ನು ಬರೆದುಕೊಟ್ಟವರು ಈಗಿಲ್ಲ. ಯಾವ ಪುಸ್ತಕದ ಎಷ್ಟು ಪ್ರತಿ ಖರ್ಚಾಯಿತು, ಯಾವ ಲೇಖಕರಿಗೆ ಎಷ್ಟು ಗೌರವಧನ ಬಾಕಿ ಎಂಬುದಕ್ಕೆ ಬೇರೆ ಸಾಕ್ಷಿಯಿಲ್ಲ. ಪಟ್ಟಿ ಅಚ್ಚಾಗದಿದ್ದರೆ ಸಲ್ಲಬೇಕಾದ ಹಣ ಸಲ್ಲದು.

ಆದುದರಿಂದ ಇಂಥ ತಂತ್ರಾಂಶ ಇಟ್ಟುಕೊಂಡವರಿಗೆ ನನ್ನ ಸಲಹೆ ಇಷ್ಟೆ: ಅದು ಇನ್ನೂ ನಡೆಯುತ್ತಿರುವಾಗಲೇ ಮುದ್ರಣವನ್ನು ಕಾಗದಕ್ಕೂ ಪಠ್ಯಕಡತಕ್ಕೂ ಇಳಿಸಿಕೊಳ್ಳಿ, ಮೂಲ ಕಡತಗಳ ಪ್ರತಿಯನ್ನು ಬೇರೆಡೆ ಇಡಿ. ವಿಳಾಸ ತಿರುಗಿಸುವ ಏರ್ಪಾಡು ಕೆಲಕಾಲ ನಡೆದೀತು. ಅಷ್ಟರೊಳಗೆ ಲೆಕ್ಕವನ್ನು ಹೊಸ ಮನೆಗೆ ಸಾಗಿಸುವುದು ವಿವೇಕ.

(ಬಾನುಲಿ ಭಾಷಣ)