ಆ ಐದು ಸಾವಿರ ಬೇಸಿಗೆಗೆ ಬೇಕು

ನವನಗರದ ಸೆಕ್ಟರ್ ರಸ್ತೆಗಳಲ್ಲಿ ಇಂದು ನೆರಳು ಕೊಡುವ ಬೇವಿನ ಮರಗಳ ಹಿಂದೆ ಯಾರದೋ ದುಡಿಮೆ ಇದೆ. ಆಲಮಟ್ಟಿ ಹಿನ್ನೀರಿಗೆ ಮನೆ, ಓಣಿ, ಹೊಲ ಬಿಟ್ಟುಕೊಟ್ಟು ಬಂದ ಹಳೇ ಬಾಗಲಕೋಟೆಯ ಜನರಿಗಾಗಿ ಬಯಲಲ್ಲಿ ಕಟ್ಟಿದ ಊರಿದು. ವರ್ಷಕ್ಕೆ 600 ಮಿ.ಮೀ. ಮಳೆಯೂ ಬೀಳದ ಈ ಜಿಲ್ಲೆಯಲ್ಲಿ ರಸ್ತೆಬದಿಯ ಸಸಿ ಮರವಾಗಬೇಕಾದರೆ ಕನಿಷ್ಠ ಎರಡು-ಮೂರು ಬೇಸಿಗೆ ಯಾರಾದರೂ ಅದಕ್ಕೆ ನೀರು ಹೊರಲೇಬೇಕು. ಜೂನ್ 5ರಂದು ಸಸಿ ನೆಡಲು ಕೈಗಳು ಸಾಕಷ್ಟಿರುತ್ತವೆ. ಏಪ್ರಿಲ್‌ನಲ್ಲಿ ನೀರುಣಿಸಲು ಟ್ಯಾಂಕರಿನವನಿಗೆ ಕೊಡುವ ದುಡ್ಡು ಮಾತ್ರ ಯಾವ ಖಾತೆಯಲ್ಲೂ ಇರುವುದಿಲ್ಲ.

ಯುವಜನರ ಪರಿಸರ ಕೆಲಸಕ್ಕೆ ಸಣ್ಣ ಅನುದಾನ ಕೊಡುವ ಪದ್ಧತಿ ನಮಗೆ ಹೊಸದಲ್ಲ. ಕೇಂದ್ರ ಪರಿಸರ ಸಚಿವಾಲಯ 2001-02ರಲ್ಲಿ ಆರಂಭಿಸಿದ ರಾಷ್ಟ್ರೀಯ ಹಸಿರು ಪಡೆ ಯೋಜನೆಯಲ್ಲಿ ಶಾಲೆಯ ಇಕೋ ಕ್ಲಬ್ಬಿಗೆ ಮೊದಲು ವರ್ಷಕ್ಕೆ 1,000 ರೂಪಾಯಿ ಇತ್ತು; ಅದು 2,500 ಆಗಿ, ಮುಂದೆ 5,000 ಆಯಿತು. ಜಾಗತಿಕ ಮಟ್ಟದಲ್ಲಿ 1992ರಿಂದ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಮೂಲಕ ನಡೆಯುತ್ತಿರುವ ಸಣ್ಣ ಅನುದಾನ ಯೋಜನೆಯೊಂದಿದೆ. ಸ್ಥಳೀಯ ಸಂಘಗಳಿಗೆ ಗರಿಷ್ಠ 50,000 ಡಾಲರ್‌ವರೆಗೆ ಕೊಡುತ್ತಿದ್ದ ಆ ಯೋಜನೆಯನ್ನು ಭಾರತದಲ್ಲಿ ಬಹುಕಾಲ ನೋಡಿಕೊಂಡದ್ದು ಅಹಮದಾಬಾದಿನ ಪರಿಸರ ಶಿಕ್ಷಣ ಕೇಂದ್ರ. ಐದು ಸಾವಿರ ರೂಪಾಯಿಗೂ ಐವತ್ತು ಸಾವಿರ ಡಾಲರಿಗೂ ಅಜಗಜಾಂತರ. ಆದರೂ ನನ್ನ ಕಾಳಜಿ ಮೊತ್ತದ್ದಲ್ಲ. ಆ ದುಡ್ಡು ಯಾವ ಕೆಲಸಕ್ಕೆ, ಯಾವ ತಿಂಗಳಲ್ಲಿ, ಯಾರ ಕೈಗೆ ಸಿಗುತ್ತದೆ ಎಂಬುದೇ ಎಲ್ಲವನ್ನೂ ನಿರ್ಧರಿಸುತ್ತದೆ.

ಇದಕ್ಕೆ ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಇದನ್ನು ಹೊರಜಗತ್ತಿಗೆ ತಿಳಿಸಿದ ಮೇಲೆ, ಹುಣಸೆ ಫಸಲು ಬಿಟ್ಟುಕೊಡುವ ಮರದ ಮಾಲೀಕರಿಗೆ ಅರಣ್ಯ ಇಲಾಖೆ ಪರಿಹಾರ ಕೊಡತೊಡಗಿತು. ಅದು ಮೊದಲ ಸಣ್ಣ ಹಣ. ಎರಡನೆಯದು ಇನ್ನೂ ಸಣ್ಣದು. ಗೂಡಿನಿಂದ ಜಾರಿ ಬಿದ್ದ ಹೆಜ್ಜಾರ್ಲೆ ಮರಿಗೆ ತಾಯಿ ನೆಲಕ್ಕಿಳಿದು ಉಣಿಸುವುದಿಲ್ಲ. ನಾಯಿ ಕಚ್ಚದಿದ್ದರೆ ಹಸಿವೇ ಕೊಲ್ಲುತ್ತದೆ. 1990ರ ದಶಕದಲ್ಲಿ ಮೈಸೂರು ಅಮೆಚೂರ್ ನ್ಯಾಚುರಲಿಸ್ಟ್ಸ್‌ನ ಕೆ. ಮನು ಅವರ ಒತ್ತಾಸೆಯಿಂದ ಊರಿನ ಹುಡುಗರು ‘ಹೆಜ್ಜಾರ್ಲೆ ಬಳಗ’ ಕಟ್ಟಿಕೊಂಡರು. ಬಿದ್ದ ಮರಿಗಳನ್ನು ಎತ್ತಿ ತಂದು, ಬೇಲಿ ಹಾಕಿದ ಆವರಣದಲ್ಲಿಟ್ಟು, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಹಾರಬಿಟ್ಟರು. ಒಂದು ಬೇಲಿ, ದಿನದಿನದ ಮೀನು, ಆ ಊರಲ್ಲೇ ಮಲಗಿ ಏಳುವ ನಾಲ್ಕು ಮಂದಿ. ಖರ್ಚಿನ ಪಟ್ಟಿ ಇಷ್ಟೇ. 2007ರಲ್ಲಿ ಆ ಊರು ಸಮುದಾಯ ಮೀಸಲು ಪ್ರದೇಶವಾಯಿತು.

ಮೀನಿಗೆ ದುಡ್ಡು ಕೊಟ್ಟವರ ಹೆಸರನ್ನು ಬರೆಸಲು ಅಲ್ಲಿ ಫಲಕ ಇರಲಿಲ್ಲ, ಮರಿ ಹಾರಿಹೋಗುತ್ತದೆ. ನಮ್ಮ ಕಡೆ ಅನುದಾನಗಳು ಕೇಳುವುದು ಎಣಿಸಬಹುದಾದದ್ದನ್ನು. ಎಷ್ಟು ಸಸಿ ನೆಟ್ಟಿರಿ, ಫೋಟೊ ಎಲ್ಲಿ? ಈ ಲೆಕ್ಕ ಬಾಗಲಕೋಟೆಯಂಥ ನಾಡಿಗೆ ಕೆಲವೊಮ್ಮೆ ಕೆಡುಕನ್ನೇ ಮಾಡುತ್ತದೆ. ಬೀಳಗಿ, ಮುಧೋಳ ಸೀಮೆಯ ಯಡಹಳ್ಳಿ ಚಿಂಕಾರ ವನ್ಯಧಾಮವನ್ನೇ ನೋಡಿ. ಸುಮಾರು 96 ಚದರ ಕಿ.ಮೀ. ಹರಡಿದ ಕುರುಚಲು ಮಡ್ಡಿ ಅದು. ಅಲ್ಲಿನ ಚಿಂಕಾರ ಗರಿಕೆ, ಎಲೆ, ಕಾಯಿಗಳಲ್ಲಿರುವ ತೇವದಿಂದಲೇ ದಿನಗಟ್ಟಲೆ ಬದುಕಬಲ್ಲದು. ದೂರದಿಂದಲೇ ಅಪಾಯ ಕಂಡು ಓಡಲು ಅದಕ್ಕೆ ಬಯಲು ಬೇಕು. ಮಡ್ಡಿ ಬೋಳಾಗಿದೆ ಎಂದು ಮರುಗಿ ದಟ್ಟವಾಗಿ ಗಿಡ ನೆಟ್ಟರೆ ಚಿಂಕಾರದ ಮನೆಯನ್ನೇ ಕಿತ್ತಂತೆ. ಹಬ್ಬುವ ಬಳ್ಳಾರಿ ಜಾಲಿಯನ್ನು ಕೀಳುವುದು, ಬೀದಿನಾಯಿಗಳ ಹಾವಳಿ ತಡೆಯುವುದು, ಬೇಸಿಗೆಯಲ್ಲಿ ಬೆಂಕಿ ಬೀಳದಂತೆ ಕಾಯುವುದು, ಕುರಿ ಮೇಯಿಸುವವರ ಜೊತೆ ಕೂತು ಮಾತಾಡುವುದು: ಅಲ್ಲಿನ ಹುಡುಗರು ಅರಣ್ಯ ಇಲಾಖೆಯ ಜೊತೆ ನಿಂತು ಮಾಡಬಹುದಾದ ಕೆಲಸಗಳಿವು. ಒಂದರಲ್ಲೂ ಸಸಿಯ ಲೆಕ್ಕವಿಲ್ಲ.

ಹಿನ್ನೀರಿನ ಕಥೆಯೂ ಬೇರೆಯಲ್ಲ. ಚಳಿಗಾಲ ಕಳೆದು ಆಲಮಟ್ಟಿ ಜಲಾಶಯದ ನೀರು ಇಳಿಯುತ್ತಿದ್ದಂತೆ ಕೆಸರು ಬಯಲಾಗುತ್ತದೆ. ಆ ತೆಳುನೀರಿನಲ್ಲಿ ಫ್ಲೆಮಿಂಗೊಗಳು ಕೊಕ್ಕು ತಲೆಕೆಳಗಾಗಿಸಿ ಸೋಸಿ ತಿನ್ನುತ್ತವೆ. ಹತ್ತಿರದ ನೋಟ ಬೇಕೆಂದು ಜನ ನೀರಂಚಿಗೆ ಗಾಡಿ ಇಳಿಸಿದರೆ ಹಿಂಡು ಎದ್ದುಹೋಗುತ್ತದೆ. ಒಂದು ಬೈನಾಕ್ಯುಲರ್, ಒಂದು ನೋಟ್‌ಬುಕ್, ಭಾನುವಾರ ದಂಡೆಯಲ್ಲಿ ನಿಂತು ಬಂದವರಿಗೆ ತಿಳಿಹೇಳುವ ಇಬ್ಬರು ಕಾಲೇಜು ಹುಡುಗಿಯರು ಇದ್ದರೆ ಸಾಕು. ಬಾದಾಮಿಯ ಅಗಸ್ತ್ಯತೀರ್ಥ, ಬನಶಂಕರಿ ಜಾತ್ರೆಯ ನಂತರದ ಹೊಂಡ, ಕೂಡಲಸಂಗಮದ ದಂಡೆ, ಇಳಕಲ್ಲಿನ ಹಳ್ಳ ಎಲ್ಲಕ್ಕೂ ಇಂಥ ಕಾವಲು ಬೇಕು.

ಹಾಗಾದರೆ ದುಡ್ಡು ಯಾಕೆ ತಲುಪುವುದಿಲ್ಲ? ಕಾಗದ. ಓಣಿಯ ಗೆಳೆಯರ ಗುಂಪಿಗೆ ಸಂಘದ ನೋಂದಣಿ ಇರುವುದಿಲ್ಲ, ಪ್ಯಾನ್ ಇರುವುದಿಲ್ಲ, ಲೆಕ್ಕಪರಿಶೋಧನೆಗೆ ಕೊಡಲು ಹಣವಿರುವುದಿಲ್ಲ. ಹೊರದೇಶದ ನೆರವು ಪಡೆದ ದೊಡ್ಡ ಸಂಸ್ಥೆ ಅದರಲ್ಲಿ ಒಂದಿಷ್ಟನ್ನು ಹಳ್ಳಿಯ ಸಣ್ಣ ಸಂಘಕ್ಕೆ ಹಂಚುವ ದಾರಿಯಿತ್ತು. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿ ಅದನ್ನೂ ಮುಚ್ಚಿತು. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು, ಪರಿಸರವೂ ಆ ಪಟ್ಟಿಯಲ್ಲಿದೆ. ಸಕ್ಕರೆ, ಸಿಮೆಂಟ್ ಕಾರ್ಖಾನೆಗಳಿರುವ ನಮ್ಮ ಜಿಲ್ಲೆಗೆ ಇದು ಸಣ್ಣ ಮಾತಲ್ಲ. ಆದರೆ ಆ ಹಣ ಪಡೆದು ಯೋಜನೆ ನಡೆಸುವ ಸಂಸ್ಥೆಗೂ ನೋಂದಣಿ ಕಡ್ಡಾಯ.

ಉಳಿದಿರುವ ಹತ್ತಿರದ ಬಾಗಿಲು ಗ್ರಾಮ ಪಂಚಾಯಿತಿ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಸ್ಥಳೀಯ ಜೀವವೈವಿಧ್ಯ ನಿಧಿಗೂ ಕಾಯ್ದೆಯಲ್ಲೇ ಅವಕಾಶವಿದೆ. ಊರಿನ ಗಿಡ, ಪಕ್ಷಿ, ತಳಿಗಳ ಜನತಾ ದಾಖಲಾತಿ ಬರೆಯುವ ಹೊಣೆಯೂ ಆ ಸಮಿತಿಯದೇ. ಈ ದಾಖಲಾತಿಯನ್ನು ನವೀಕರಿಸುವ ಕೆಲಸವನ್ನು ಊರಿನ ಪಿಯುಸಿ, ಪದವಿ ವಿದ್ಯಾರ್ಥಿಗಳಿಗೆ ವಹಿಸಲಿ. ಸಣ್ಣ ಮೊತ್ತ ಸಾಕು, ಆದರೆ ಮೂರು ವರ್ಷ ತಪ್ಪದೆ ಕೊಡಲಿ. ನೆಟ್ಟ ದಿನದ ಫೋಟೊ ಕೇಳದೆ ಮೂರನೇ ಬೇಸಿಗೆಯ ನಂತರ ಉಳಿದ ಗಿಡಗಳನ್ನು ನೋಡಲು ಬರಲಿ.

ಓದುಗರಲ್ಲಿ ಒಂದು ಕೋರಿಕೆ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಪಿಡಿಒ ಅವರನ್ನು ಮೂರು ವಿಷಯ ಕೇಳಿ: ನಮ್ಮ ಪಂಚಾಯಿತಿಯ ಜೀವವೈವಿಧ್ಯ ಸಮಿತಿಯ ಸದಸ್ಯರು ಯಾರು, ಅದು ಕೊನೆಯ ಬಾರಿ ಸಭೆ ಸೇರಿದ್ದು ಯಾವಾಗ, ಅದರ ಖಾತೆಯಲ್ಲಿ ಎಷ್ಟು ಹಣವಿದೆ. ಕೇಳಲು ಹೋಗುವಾಗ ಓಣಿಯ ಇಬ್ಬರು ಹುಡುಗ-ಹುಡುಗಿಯರನ್ನು ಜೊತೆಗೆ ಕರೆದುಕೊಂಡು ಹೋಗಿ.